ಪಾರ್ಕಿಗೆ ಹಾಕಿದ್ದ ಗಾಡಿ

ಗಾಡಿ ಕೈಕೊಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ, ಆಸ್ಪತ್ರೆಯ ಹಿಂಬಾಗಿಲಿನ ಎದುರಿಗೆ. ಡೀಸೆಲ್ ಪಿಕಪ್ಪಿನ ತುಂಬ ಒಗೆದ ಹಾಸಿಗೆ ಬಟ್ಟೆಯ ಗಂಟುಗಳು. ಎಂಜಿನ್ ಅರಚಿಕೊಳ್ಳುತ್ತಿತ್ತು, ಚಕ್ರ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಸಂಬಳದ ಡ್ರೈವರ್ ಅದನ್ನು ಕ್ರೇನಿಗೆ ಸಿಕ್ಕಿಸಿ ಮನೆಯ ಪಕ್ಕದ ಶೆಡ್ಡಿಗೆ ತಂದು ಬಿಟ್ಟು, ಕೀಲಿಕೈಯನ್ನು ಮುದುಕರ ಕೈಗೆ ಹಾಕಿದ.

“ಗೇರ್ ಬಾಕ್ಸ್ ಹೋಯ್ತು ಯಜಮಾನ್ರೇ. ನಂಗೂ ಬೇರೆ ಕಡೆ ಕರೀತಿದಾರೆ. ಬೇಜಾರು ಮಾಡ್ಕೋಬೇಡಿ.”

ಮುದುಕರು ಬೇಜಾರು ಮಾಡಿಕೊಳ್ಳಲಿಲ್ಲ. ನಲವತ್ತು ವರ್ಷ ಒಂದೇ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ನಿವೃತ್ತರಾದವರು. ಕಬ್ಬಿಣದ ಯಾವ ಸಾಮಾನೂ ಅವರಿಗೆ ಹೊಸದಲ್ಲ. ಅಳತೆ ಕಡ್ಡಿಯನ್ನು ಎಳೆದು, ತುದಿಯ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಕೆಂಪಗಿರಬೇಕಾದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿತ್ತು. ಸುಟ್ಟ ವಾಸನೆ.

“ಆಟೋಮ್ಯಾಟಿಕ್ ಗೇರ್ ಬಾಕ್ಸು. ಇಷ್ಟು ಸುಟ್ಟ ಮೇಲೆ ರಿಪೇರಿ ಇಲ್ಲ. ಇಡೀ ಬಾಕ್ಸೇ ಇಳಿಸಿ ಬೇರೆ ಏರಿಸ್ಬೇಕು,” ಎಂದರು. “ಮನೇಲೇ ಮಾಡೋಣ ಬಿಡು.”

ಹೇಳಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಗೆ. ಅವಳು ಶೆಡ್ಡಿನೊಳಗೆ ಕಾಲಿಡಲಿಲ್ಲ. ಆ ಗಾಡಿಯ ಹತ್ತಿರ ಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಹದಿನಾಲ್ಕು ತಿಂಗಳ ಹಿಂದೆ ಅವಳ ಗಂಡ ಅದೇ ಗಾಡಿಗೆ ಸಿಕ್ಕಿ ಸತ್ತಿದ್ದ. ಆಸ್ಪತ್ರೆಯ ಬಟ್ಟೆಯನ್ನು ಲಾಂಡ್ರಿಗೆ ಒಯ್ದು ತರುವುದೇ ಈ ಮನೆಯ ಕಸುಬು. ಲಾಂಡ್ರಿಯಲ್ಲಿ ಬಟ್ಟೆ ಇಳಿಸುವ ಜಾಗ ಗೋಡೆಯ ಕಡೆಗೆ ಇಳಿಜಾರು. ಅವತ್ತು ಗಾಡಿ ಓಡಿಸಿದ್ದವಳು ಅವಳೇ. ಅವನು ಹಿಂದೆ ನಿಂತು “ಬಾ... ಬಾ... ಸಾಕು” ಎಂದು ಕೈ ತೋರಿಸಿದ್ದ. ಅವಳು ನಿಲ್ಲಿಸಿ, ಇಳಿದು, ಸಹಿಯ ಪುಸ್ತಕ ತರಲು ಒಳಗೆ ಕಾಲಿಟ್ಟಿದ್ದಳಷ್ಟೆ. ಗಾಡಿ ತಾನಾಗಿ ಹಿಂದಕ್ಕೆ ಉರುಳಿ ಅವನನ್ನು ಗೋಡೆಗೆ ಒತ್ತಿ ಹಿಡಿಯಿತು. ಇಸ್ತ್ರಿಯವನೊಬ್ಬ ಓಡಿ ಬಂದು ಕ್ಯಾಬಿನ್ನಿಗೆ ಹತ್ತಿ ಗಾಡಿಯನ್ನು ಮುಂದಕ್ಕೆ ತೆಗೆದ. ಹಾಗಾಗಿ ಗೇರಿನ ಹಿಡಿ ಆ ಗಳಿಗೆಯಲ್ಲಿ ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ ಉಳಿಯಲಿಲ್ಲ. ಹಿಡಿ ‘ಪಾರ್ಕ್’ ಗುರುತಿನಲ್ಲಿದ್ದರೆ ಗಾಡಿ ಕದಲಬಾರದು. ಕದಲಿದೆ ಎಂದರೆ ಪಾರ್ಕಿಗೆ ಹಾಕಿರಲಿಲ್ಲ. ಪೊಲೀಸರ ಲೆಕ್ಕ ಅಷ್ಟೇ ಇತ್ತು. ಹ್ಯಾಂಡ್ ಬ್ರೇಕ್ ಎಳೆಯದೆ ಇದ್ದದ್ದನ್ನು ಅವಳೇ ಒಪ್ಪಿಕೊಂಡಳು. “ಆಟೋಮ್ಯಾಟಿಕ್ ಅಲ್ವಾ, ಪಾರ್ಕಿಗೆ ಹಾಕಿದ್ರೆ ಮುಗೀತು” ಎಂದು ಗಂಡನೇ ಕಲಿಸಿದ್ದ. ಕೊನೆಗೆ ‘ಪಾರ್ಕಿಗೆ ಹಾಕಲು ಮರೆತಿರಬಹುದು’ ಎಂದು ಬರೆದ ಕಾಗದಕ್ಕೂ ಸಹಿ ಮಾಡಿದಳು. ಅಪಘಾತವೆಂದು ಕಡತ ಮುಚ್ಚಿತು.

ಮನೆಯಲ್ಲಿ ಮುಚ್ಚಲಿಲ್ಲ. ಅತ್ತೆ ಅವತ್ತಿನಿಂದ ಸೊಸೆಯೊಂದಿಗೆ ಮಾತು ಬಿಟ್ಟರು. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು. ಅತ್ತೆ ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳುತ್ತಿದ್ದರು. ಏನಾದರೂ ಹೇಳಬೇಕಾದರೆ ಮೊಮ್ಮಗಳ ಬಾಯಿಂದ ಹೇಳಿಸುತ್ತಿದ್ದರು. ನರ್ಸಿಂಗ್ ಎರಡನೇ ವರ್ಷದಲ್ಲಿದ್ದ ಆ ಹುಡುಗಿಯನ್ನು ಮನೆಯವರೆಲ್ಲ ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದರು.

ಸೊಸೆಗೆ ಪಾರ್ಕಿಗೆ ಹಾಕಿದ ನೆನಪಿತ್ತು. ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿಯನ್ನು ಮುಂದಕ್ಕೆ ತಳ್ಳಿದ್ದು, ಅದು ಟಕ್ ಎಂದದ್ದು. ಆದರೆ ಒಬ್ಬರಾದ ಮೇಲೊಬ್ಬರು ಕೇಳಿ ಕೇಳಿ, ಆ ನೆನಪು ತೊಳೆದು ತೊಳೆದು ಬಣ್ಣ ಬಿಟ್ಟ ಬಟ್ಟೆಯಂತಾಗಿತ್ತು. ಈಗ ಅನ್ನ ಬಸಿಯುವಾಗ, ದಿಂಬಿನ ಕವರು ಮಡಿಸುವಾಗ, ಅವಳ ಬಲಗೈ ಅವಳನ್ನು ಕೇಳದೆಯೇ ಹೆಬ್ಬೆರಳು ಒತ್ತಿ ಮುಂದಕ್ಕೆ ತಳ್ಳುತ್ತಿತ್ತು.

“ಅಮ್ಮ, ಕೈ,” ಎನ್ನುತ್ತಿದ್ದಳು ಪುಟ್ಟಿ ಮೆಲ್ಲಗೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ಲಾಂಡ್ರಿಯ ಮಾಲೀಕ ಒಂದು ತಿಂಗಳು ಕಾಯುತ್ತೇನೆಂದ. ಅಲ್ಲಿಯವರೆಗೆ ಬಾಡಿಗೆ ವ್ಯಾನು. ಆಮೇಲೂ ಪಿಕಪ್ ಬರದಿದ್ದರೆ ಬಟ್ಟೆ ಸಾಗಿಸುವ ಕೆಲಸ ಬೇರೆಯವರಿಗೆ. ಊಟಕ್ಕೆ ಕೂತಾಗ ಮಾವ ಈ ಸುದ್ದಿ ಹೇಳಿ, ಗುಜರಿಯಲ್ಲಿ ಇಂಥದೇ ಗಾಡಿಯ ಬಾಕ್ಸು ಇದೆಯಂತೆ, ನಾಳೆ ನೋಡಿ ಬರುತ್ತೇನೆ ಎಂದರು.

ಅತ್ತೆ ತುತ್ತನ್ನು ತಟ್ಟೆಗೇ ಬಿಟ್ಟರು. “ಗಾಡೀನೇ ಗುಜರಿಗೆ ಹಾಕಿ ಬನ್ನಿ. ನನ್ನ ಮಗನ್ನ ತಿಂದಿದ್ದಕ್ಕೆ ಹೊಸ ಹೊಟ್ಟೆ ಬೇರೆ ಹಾಕಿಸ್ತೀರಾ?”

“ಗಾಡಿ ಇಲ್ದೆ ಈ ಮನೆ ಹೊಟ್ಟೆ ಹೇಗೆ ತುಂಬುತ್ತೆ ಹೇಳು.”

“ಓಡಿಸೋರು ಯಾರು? ಡ್ರೈವರ್ ಓಡಿ ಹೋದ. ಪುಟ್ಟೀ, ನಿಮ್ಮಮ್ಮನ್ನ ಕೇಳು, ಮತ್ತೆ ಅದರಲ್ಲಿ ಕೂರೋಕೆ ಅವಳಿಗೆ ಮನಸ್ಸು ಬರುತ್ತಾ ಅಂತ.”

“ಅಜ್ಜಿ, ಅಮ್ಮ ನಿಮ್ಮ ಎದುರಿಗೇ ಕೂತಿದಾಳೆ. ನೀವೇ ಕೇಳಿ. ನಾನೇನು ಟೆಲಿಫೋನಾ?”

ಯಾರೂ ನಗಲಿಲ್ಲ. ಸೊಸೆ ಎದ್ದು ತಟ್ಟೆ ತೊಳೆಯಲು ಹೋದಳು.

ಮಾರನೆಯ ದಿನವೇ ಗುಜರಿಯಿಂದ ಬಾಕ್ಸು ಬಂತು. ಒಳಗಿನ ಎಣ್ಣೆ ಕೆಂಪಗಿತ್ತು, ಶಾಫ್ಟು ನಯವಾಗಿ ತಿರುಗುತ್ತಿತ್ತು. ಒಂದೇ ಕೊರತೆ: ಗುಜರಿಯಲ್ಲಿ ಎತ್ತಿ ಒಗೆಯುವಾಗ ಹಿಂಬದಿಯಲ್ಲಿ ಬಾಲದಂತೆ ಚಾಚಿಕೊಂಡ ಲೋಹದ ಚಿಪ್ಪು ಸೀಳಿತ್ತು. “ನಮ್ಮ ಹಳೇದರ ಬಾಲ ಬಿಚ್ಚಿ ಇದಕ್ಕೆ ಹಾಕೋಣ,” ಎಂದರು ಮಾವ. ಗ್ಯಾರೇಜಿನ ಪರಿಚಯದವರಿಂದ ಬಾಕ್ಸು ಇಳಿಸುವ ಜ್ಯಾಕು ತಂದರು. ಗಾಡಿಯ ನಾಲ್ಕೂ ಚಕ್ರವನ್ನು ನೆಲದಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದರು. ಬ್ಯಾಟರಿ ತಂತಿ ಕಳಚಿದರು. ಎಣ್ಣೆ ಬಸಿದು ಹಳೆಯ ಬಕೆಟ್ಟಿಗೆ ತುಂಬಿದರು. ಮೂರು ದಿನ ಒಬ್ಬರೇ ಗಾಡಿಯಡಿ ಬೆನ್ನ ಮೇಲೆ ಮಲಗಿ, ಹಿಂದಿನ ಉದ್ದನೆಯ ಶಾಫ್ಟು, ಎಣ್ಣೆಯ ಕೊಳವೆ, ಸ್ಟಾರ್ಟರ್ ಮೋಟಾರು ಎಲ್ಲ ಬಿಚ್ಚಿದರು. ಪ್ರತಿ ಬೋಲ್ಟನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಮೇಲೆ ಸೀಮೆಸುಣ್ಣದಲ್ಲಿ ಗುರುತು ಬರೆದರು.

ನಾಲ್ಕನೆಯ ದಿನ ಅವರಿಗೆ ಏಳಲಾಗಲಿಲ್ಲ. ಮಂಡಿ ಊದಿಕೊಂಡಿತ್ತು. ಪುಟ್ಟಿ ಬಿಸಿನೀರಿನ ಚೀಲ ಇಟ್ಟು, ಗಾಡಿಯಡಿ ಇನ್ನು ಹೋಗಕೂಡದೆಂದು ಗದರಿಸಿ ಆಸ್ಪತ್ರೆಯ ಡ್ಯೂಟಿಗೆ ಹೋದಳು. ಮಾವ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಗಾಡಿಯನ್ನೇ ನೋಡುತ್ತ ಕೂತರು. ಬಟ್ಟೆ ಒಣಹಾಕಿ ಬಂದ ಸೊಸೆ ಅವರ ಹಿಂದೆ ನಿಂತಳು.

“ಇನ್ನೆಷ್ಟು ಉಳಿದಿದೆ ಮಾವ?”

“ಎಂಜಿನ್ನಿಗೆ ಹಿಡಿದಿರೋ ಬೋಲ್ಟು. ಆಮೇಲೆ ಇಳಿಸೋದು. ಕೆಳಗೆ ಒಬ್ಬರು ಇರಬೇಕು.”

ಅವಳು ಒಳಗೆ ಹೋದಳು. ಆಮೇಲೆ ಗಂಡನ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟು, ಕೂದಲಿಗೆ ಬಟ್ಟೆ ಕಟ್ಟಿಕೊಂಡು ಬಂದಳು. “ಯಾವ ಸ್ಪಾನರು, ಹೇಳಿ.”

ಗಾಡಿಯಡಿ ತೂರಿದಾಗ ಮೊದಲು ಕಂಡದ್ದು ಹಿಂದಿನ ಬಂಪರಿನ ಒಳಮೈ. ಯಾರೋ ಅದನ್ನು ಚೆನ್ನಾಗಿ ತೊಳೆದಿದ್ದರು. ಅವಳು ಮುಖ ಆಚೆ ತಿರುಗಿಸಿದಳು. ತಲೆಯ ಮೇಲೆ ಎರಡು ಟನ್ನಿನ ಕಬ್ಬಿಣ ಉಸಿರು ಬಿಗಿಹಿಡಿದು ನಿಂತ ಹಾಗಿತ್ತು. ಎಲ್ಲೋ ಒಂದು ಕಡೆ ತೊಟ್ಟು ಎಣ್ಣೆ ಬಿದ್ದರೂ ಅವಳ ಮೈ ಜುಮ್ಮೆನ್ನುತ್ತಿತ್ತು. ಮಾವ ಹೊರಗಿಂದ ಹೇಳಿದಂತೆ ಒಂದೊಂದೇ ಬೋಲ್ಟು ಸಡಿಲಿಸಿದಳು. ಮೇಲಿನ ಎರಡು ಬೋಲ್ಟಿಗೆ ಕೈ ಎಟುಕದೆ, ಉದ್ದನೆಯ ಸರಳು ಸೇರಿಸಿ, ಹಲ್ಲು ಕಚ್ಚಿ ಎಳೆದಳು. ಮಧ್ಯಾಹ್ನದ ಹೊತ್ತಿಗೆ ಬಾಕ್ಸು ಎಂಜಿನ್ನಿನಿಂದ ಬಿಟ್ಟು ಜ್ಯಾಕಿನ ಮೇಲೆ ಕೂತಿತು.

“ಈಗ ಹಿಂದಕ್ಕೆ ಎಳೀತಾ ಬಾ,” ಎಂದರು ಮಾವ. “ನಿಧಾನ. ಬಾ... ಬಾ... ಸಾಕು.”

ಅವಳ ಕೈ ಜ್ಯಾಕಿನ ಮೇಲೆಯೇ ಸತ್ತಂತಾಯಿತು. ಅಪ್ಪ ಮಗನ ದನಿ ಇಷ್ಟು ಒಂದೇ ಎಂದು ಅವಳಿಗೆ ಇಷ್ಟು ವರ್ಷ ತಿಳಿದಿರಲಿಲ್ಲ. ಹಿಂದೆ ಗೋಡೆ ಇಲ್ಲವೆಂದು ಗೊತ್ತಿದ್ದೂ ತಲೆ ತಿರುಗಿಸಿ ನೋಡಿದಳು. ಶೆಡ್ಡಿನ ಆ ತುದಿಯಲ್ಲಿ, ಬಿಸಿಲು ಬೀಳುವಲ್ಲಿ, ಯಾರೋ ಈಗಷ್ಟೇ ಅಲ್ಲಿಂದ ಸರಿದುಹೋದಂತೆ ಧೂಳು ಆಡುತ್ತಿತ್ತು.

“ಏನಾಯ್ತಮ್ಮ?”

“ಏನಿಲ್ಲ. ನೀವು ‘ಸಾಕು’ ಅನ್ಬೇಡಿ ಮಾವ. ‘ನಿಲ್ಲಿಸು’ ಅನ್ನಿ.”

ಮುದುಕರು ತಲೆಯಾಡಿಸಿದರು. ಅಲ್ಲಿಂದಾಚೆ ‘ಸಾಕು’ ಎನ್ನಲಿಲ್ಲ.

ಹಳೆಯ ಬಾಕ್ಸಿನ ಬಾಲ ಬಿಚ್ಚಿದ್ದು ಎರಡು ದಿನ ಕಳೆದು. ಹಲಗೆಯ ಮೇಲೆ ಎರಡೂ ಬಾಕ್ಸುಗಳನ್ನು ಪಕ್ಕಪಕ್ಕ ಇಟ್ಟು, ಮೊದಲು ಗುಜರಿಯದರ ಸೀಳಿದ ಚಿಪ್ಪು ತೆಗೆದರು. ಒಳಗೆ ದಪ್ಪ ಹಲ್ಲುಗಳ ಒಂದು ಚಕ್ರ, ಅದರ ಪಕ್ಕದಲ್ಲಿ ಬೆರಳುದ್ದದ ಉಕ್ಕಿನ ಕೊಕ್ಕೆ. ಸೊಸೆ ಸುಮ್ಮನೆ ಕುತೂಹಲಕ್ಕೆ ಕೊಕ್ಕೆಯನ್ನು ಒತ್ತಿದಳು. ಅದು ಹಲ್ಲಿನ ಸಂದಿಗೆ ಬಿದ್ದು ಕಚ್ಚಿಕೊಂಡಿತು. ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿದರೂ ಅಲುಗಲಿಲ್ಲ.

“ಇದೇನು ಮಾವ?”

“ಗಾಡಿ ನಿಲ್ಲಿಸೋದು,” ಎಂದರು ಅವರು, ತಲೆಯೆತ್ತದೆ. “ಪಾರ್ಕಿಗೆ ಹಾಕಿದಾಗ ಇದೇ ಬಂದು ಹಿಡಿಯೋದು.”

ಆಮೇಲೆ ಹಳೆಯದರ ಬಾಲ ಕಳಚಿದರು. ಚಿಪ್ಪಿನ ಜೊತೆಗೇ ಒಂದು ಚೂರು ಹಲಗೆಯ ಮೇಲೆ ಬಿದ್ದು ಉರುಳಿತು. ಅವಳು ಬಗ್ಗುವಷ್ಟರಲ್ಲಿ ಮುದುಕರ ಕೈ ಅದನ್ನು ಮುಚ್ಚಿತು. ಮಂಡಿನೋವಿನ ಆ ಮನುಷ್ಯ ಅಷ್ಟು ಚುರುಕಾಗಿ ಕೈ ಆಡಿಸಿದ್ದನ್ನು ಅವಳು ನೋಡಿರಲಿಲ್ಲ. ಚೂರು ಅಂಗಿಯ ಜೇಬಿಗೆ ಹೋಯಿತು.

“ಏನದು?”

“ಏನಿಲ್ಲ. ಹಳೇ ಸಾಮಾನು, ಸವೆದಿದೆ. ಆ ಚಿಂದಿ ಬಟ್ಟೆ ಕೊಡು.”

ಚಿಂದಿ ಕೊಟ್ಟಳು. ಹಳೆಯ ಬಾಕ್ಸಿನೊಳಗೆ ಇಣುಕಿದಳು. ಚಕ್ರವಿತ್ತು. ಅದರ ಹಲ್ಲುಗಳ ಮೂಲೆ ಉರುಟಾಗಿತ್ತು. ಕೊಕ್ಕೆ ಇರಬೇಕಾದಲ್ಲಿ ಅರ್ಧ ಮುರಿದ ಮೋಟು ಮಾತ್ರ ಇತ್ತು.

ಅವತ್ತು ಅವಳು ಕೇಳಲಿಲ್ಲ. ಕೇಳಿದರೆ ಬರುವ ಉತ್ತರವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ತಿಳಿಯಲಿಲ್ಲ. ಕೆಲಸ ನಿಲ್ಲಿಸುವಂತಿರಲಿಲ್ಲ. ಬಾಲ ಕೂರಿಸಿದರು, ಎಣ್ಣೆಯ ಕೊಳವೆಗಳನ್ನು ತೊಳೆದು ಊದಿದರು. ಬಾಕ್ಸು ಏರಿಸುವ ದಿನ ಪುಟ್ಟಿ ರಜೆ ಹಾಕಿ ಬಂದು ಟಾರ್ಚು ಹಿಡಿದಳು. ತಾಯಿ ಮಗಳು ಇಬ್ಬರೂ ಎಣ್ಣೆ ಮೆತ್ತಿಕೊಂಡು ಕೆಳಗಿಂದ ತಳ್ಳಿದರು, ತಾತ ಕುರ್ಚಿಯಿಂದಲೇ “ಇನ್ನು ಕೂದಲೆಳೆ ಎಡಕ್ಕೆ... ನಿಲ್ಲಿಸು” ಎಂದು ಹೇಳಿಕೊಟ್ಟರು.

ಆ ಚೂರು ಸಿಕ್ಕಿದ್ದು ಅತ್ತೆಯ ಕೈಗೆ. ಗಂಡನ ಅಂಗಿ ನೆನೆಹಾಕುವ ಮೊದಲು ಜೇಬು ತಡಕುವುದು ಅವರ ಅಭ್ಯಾಸ. ಮಧ್ಯಾಹ್ನ ಊಟದ ಹೊತ್ತಿಗೆ ಅದನ್ನು ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ ಇಟ್ಟರು.

“ಕಂಡಕಂಡ ಕಬ್ಬಿಣ ಜೇಬಿಗೆ ಹಾಕ್ಕೊಂಡ್ರೆ ಅಂಗಿ ಉಳಿಯುತ್ತಾ? ಏನ್ರೀ ಇದು?”

ಮಾವ ಅನ್ನ ಕಲಸುತ್ತಲೇ ಇದ್ದರು. ಬೆರಳು ಮಾತ್ರ ನಿಧಾನವಾಯಿತು.

ಸೊಸೆ ಚೂರನ್ನು ಎತ್ತಿಕೊಂಡಳು. ಮುರಿದ ಕಡೆ ಹೊಸದಾಗಿ ಹೊಳೆಯುತ್ತಿರಲಿಲ್ಲ. ಎಣ್ಣೆಯಲ್ಲಿ ಬಹಳ ಕಾಲ ನೆನೆದು ಮಸಿ ಹಿಡಿದಿತ್ತು. ತುದಿಯ ಮೂಲೆ ಹೆಬ್ಬೆರಳಿನಂತೆ ಉರುಟಾಗಿತ್ತು.

“ಮಾವ, ಇದು ಯಾವಾಗ ಮುರಿದದ್ದು?”

“ಹೇಗೆ ಹೇಳೋದು.”

“ನಲವತ್ತು ವರ್ಷ ಕಬ್ಬಿಣ ಕೆತ್ತಿದೀರಿ. ನಿಮಗೆ ಗೊತ್ತಾಗುತ್ತೆ.”

“ತಾತ,” ಎಂದಳು ಪುಟ್ಟಿ, “ಏನದು?”

ಮುದುಕರು ತಟ್ಟೆ ಸರಿಸಿದರು. “ಪಾರ್ಕಿನ ಕೊಕ್ಕೆ. ಮುರಿದು ವರ್ಷದ ಮೇಲಾಗಿದೆ. ಅದಕ್ಕೂ ಮೊದಲೇ ಸವೆದಿತ್ತು.” ನೀರು ಕುಡಿದರು. “ಅವನು ಹೋಗೋಕೆ ಮೂರು ತಿಂಗಳ ಮುಂಚೆ ಒಂದ್ಸಲ ನನ್ನ ಕೈಯಲ್ಲೇ ಜಾರಿತ್ತು. ಬೀದಿ ಕೊನೇಲಿ. ಪಾರ್ಕಿಗೆ ಹಾಕಿ ಇಳಿದಿದ್ದೆ. ಎರಡು ಮಾರು ಹಿಂದಕ್ಕೆ ಹೋಯ್ತು. ಬಿಚ್ಚಿ ನೋಡ್ತೀನಿ ಅಂದ್ಕೊಂಡೆ. ಇವತ್ತು ನಾಳೆ ಅಂತ...”

“ಹಾಗಾದ್ರೆ ಅಮ್ಮ ಪಾರ್ಕಿಗೆ ಹಾಕಿದ್ಳು,” ಎಂದಳು ಪುಟ್ಟಿ.

“ಹಾಕಿದ್ಳು.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಪೊಲೀಸ್ರು ಕೇಳಿದಾಗ?”

“ಗಾಡಿ ಚೆನ್ನಾಗಿದೆ ಅಂದೆ.” ಅವರ ದನಿ ಕಿರಿದಾಯಿತು. “ನಾನು ನೋಡ್ಕೊಳ್ಳೋ ಗಾಡಿ ಕಣಮ್ಮ ಅದು. ನನ್ನ ಕೈಯಿಂದಲೇ ಆಯ್ತು ಅಂತ ಹೇಳೋಕೆ ನಾಲಿಗೆ ಏಳಲಿಲ್ಲ. ಡ್ರೈವರಿಗೆ ಮಾತ್ರ ಹ್ಯಾಂಡ್ ಬ್ರೇಕ್ ಎಳೆಯದೆ ಇಳೀಬೇಡ ಅಂತಿದ್ದೆ. ಆಮೇಲೆ ದಿನ ಕಳೀತು. ಕಳೆದ ಹಾಗೆಲ್ಲ ಇನ್ನೂ ಕಷ್ಟ ಆಯ್ತು.”

ಅತ್ತೆ ಎದ್ದು ನಿಂತರು. ಬಯ್ಯುತ್ತಾರೆಂದು ಎಲ್ಲರೂ ಕಾದರು. ಬಯ್ಯಲಿಲ್ಲ. ಗಂಡನ ಮುಖವನ್ನು, ಆಮೇಲೆ ಸೊಸೆಯ ಮುಖವನ್ನು ನೋಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಸೊಸೆ ಶೆಡ್ಡಿಗೆ ಹೋದಳು. ಡಬ್ಬಿಯಿಂದ ಹೊಸ ಎಣ್ಣೆಯನ್ನು ಆಲಿಕೆಯಲ್ಲಿ ಸಣ್ಣಗೆ ಸುರಿಯುತ್ತ ನಿಂತಳು. ಕೆಂಪು ಎಣ್ಣೆ ದಾರದ ಹಾಗೆ ಒಳಗಿಳಿಯಿತು. ಹದಿನಾಲ್ಕು ತಿಂಗಳು ಅವಳು ತನ್ನ ಕೈಯನ್ನು ಬೇರೆ ಯಾರದೋ ಕೈಯಂತೆ ಹೆದರಿ ನೋಡಿದ್ದಳು. ಈಗ ಆ ಕೈ ನಡುಗದೆ ಡಬ್ಬಿ ಹಿಡಿದಿತ್ತು. ಮಾವ ಬಂದು ಬಾಗಿಲಲ್ಲಿ ನಿಂತದ್ದು ತಿಳಿಯಿತು, ತಿರುಗಲಿಲ್ಲ.

“ನನ್ನನ್ನ ಏನಾದ್ರೂ ಅನ್ನು,” ಎಂದರು ಅವರು.

“ಸ್ಟೇಷನ್ನಿಗೆ ಬಂದು ಬರೆದು ಕೊಡಿ. ನಂಗೆ ಅಷ್ಟು ಸಾಕು.”

ಮನೆಯಲ್ಲಿ ಮೌನ ಜಾಗ ಬದಲಾಯಿಸಿತು. ಈಗ ಅತ್ತೆ ಗಂಡನೊಂದಿಗೆ ಮಾತಾಡುತ್ತಿರಲಿಲ್ಲ. ಮೂರನೆಯ ದಿನ ಸೊಸೆ ಬೇಯಿಸಿದ ಪಾತ್ರೆಯಿಂದಲೇ ತಟ್ಟೆಗೆ ಅನ್ನ ಬಡಿಸಿಕೊಂಡು ಕೂತು, “ಆಲೂಗಡ್ಡೆ ಇನ್ನು ಸ್ವಲ್ಪ ಬೇಯಬೇಕಿತ್ತು,” ಎಂದರು. ಹದಿನಾಲ್ಕು ತಿಂಗಳಲ್ಲಿ ಸೊಸೆಗೆ ನೇರವಾಗಿ ಆಡಿದ ಮೊದಲ ಮಾತು. ಕ್ಷಮೆಯ ಮಾತು ಬರಲಿಲ್ಲ. ಸೊಸೆ ಕಾಯಲೂ ಇಲ್ಲ. “ನಾಳೆ ಬೇಯಿಸ್ತೀನಿ ಅತ್ತೆ,” ಎಂದಳು.

ಗಾಡಿಯನ್ನು ಮೊದಲ ಸಲ ಹೊರಗೆ ತೆಗೆದದ್ದು ಶುಕ್ರವಾರ. ಓಡಿಸಿದವಳು ಅವಳೇ. ಸೀಟು ಇನ್ನೂ ಉದ್ದ ಕಾಲಿನ ಆ ಡ್ರೈವರಿಗೆ ತಕ್ಕಂತೆ ಹಿಂದಿತ್ತು, ಮುಂದಕ್ಕೆ ಎಳೆದುಕೊಂಡಳು. ಗೇರು ಬಿತ್ತು, ಗಾಡಿ ಸದ್ದಿಲ್ಲದೆ ಚಲಿಸಿತು. ಮಾವ ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿದರು. “ಎರಡನೇದು ಚೆನ್ನಾಗಿ ಬಿತ್ತು,” ಎಂದರು ಅಭ್ಯಾಸಬಲದಿಂದ, ಆಮೇಲೆ ಬಾಯಿ ಮುಚ್ಚಿಕೊಂಡರು.

ಸ್ಟೇಷನ್ನಿನ ರೈಟರ್ ಕನ್ನಡಕ ಹಣೆಗೇರಿಸಿ ಇಬ್ಬರನ್ನೂ ನೋಡಿದ. ಮುಚ್ಚಿದ ಕಡತ ತೆಗೆಯುವುದು ತನ್ನ ಕೈಯಲ್ಲಿಲ್ಲ, ಬರೆದು ಕೊಟ್ಟರೆ ಮೇಲಿನವರಿಗೆ ಕಳಿಸುತ್ತೇನೆ ಎಂದ. ಒಂದು ಬಿಳಿ ಹಾಳೆ ಕೊಟ್ಟ. ಮಾವ ಬೆಂಚಿನ ತುದಿಯಲ್ಲಿ ಕೂತು, ಅಳತೆ ಬರೆಯುವವರ ಹಾಗೆ ಒಂದೊಂದೇ ಅಕ್ಷರ ಬರೆದರು. ಬರೆದದ್ದನ್ನು ಅವಳಿಗೆ ಕೊಟ್ಟರು. ಎಲ್ಲ ಸರಿಯಾಗಿತ್ತು. ಕೊಕ್ಕೆ ಸವೆದದ್ದು, ಬೀದಿಯಲ್ಲಿ ಜಾರಿದ್ದು, ಮುಚ್ಚಿಟ್ಟದ್ದು. ಕೊನೆಯಲ್ಲಿ ಹೀಗಿತ್ತು: ‘ಈ ದೋಷ ನನಗೆ ಮಾತ್ರ ತಿಳಿದಿತ್ತು.’

ಅವಳು ಆ ಸಾಲನ್ನು ಎರಡು ಸಲ ಓದಿದಳು. ಹಾಳೆಯನ್ನು ರೈಟರಿಗೆ ಕೊಟ್ಟು, ಠಸ್ಸೆ ಹಾಕಿದ ರಸೀದಿ ಪಡೆದು ಹೊರಗೆ ಬಂದಳು. ಗಾಡಿಯಲ್ಲಿ ಕೂತು ಕೀಲಿ ತಿರುಗಿಸಲಿಲ್ಲ.

“‘ಮಾತ್ರ’ ಅಂತ ಯಾಕೆ ಬರೆದ್ರಿ?”

ಮುದುಕರು ಕಿಟಕಿಯಾಚೆ ನೋಡಿದರು.

“ಮಾವ, ನಿಮ್ಮನ್ನ ಯಾರೂ ಕೇಳದೆ ನೀವು ಆ ಮಾತು ಬರೆದಿದೀರಿ.”

“ಬೇಡ ಬಿಡಮ್ಮ.”

“ನಿಮ್ಮ ಮಗನಿಗೂ ಗೊತ್ತಿತ್ತಾ?”

ಸ್ಟೇಷನ್ನಿನ ಮೆಟ್ಟಿಲನ್ನು ಯಾರೋ ಗುಡಿಸುತ್ತಿದ್ದರು.

“ಬೀದೀಲಿ ಜಾರಿದಾಗ ಪಕ್ಕದಲ್ಲೇ ಇದ್ದ,” ಎಂದರು ಮಾವ. “ಅವನೇ ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಎರಡು ಸಲ ನೆನಪಿಸಿದ, ಅಪ್ಪ ಬಿಚ್ಚಿ ನೋಡಿ ಅಂತ. ಕೆಲಸದ ಒತ್ತಡ ಮುಗೀಲಿ ಅಂದೆ. ನಿಂಗೆ ಹೇಳೋಣ್ವಾ ಅಂತ ನಾನೇ ಕೇಳಿದೆ. ಬೇಡ, ಅವಳು ಹೆದರಿ ಗಾಡಿ ಮುಟ್ಟೋದಿಲ್ಲ, ಹಿಂದೆ ನಾನಿರ್ತೀನಲ್ಲ, ಕಲ್ಲು ಇಡ್ತೀನಿ ಅಂದ.”

“ಅವತ್ತು ಇಟ್ಟಿರಲಿಲ್ಲ.”

“ಇಟ್ಟಿರಲಿಲ್ಲ. ಯಾಕೆ ಅಂತ ನಂಗೆ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ ಕಣಮ್ಮ.” ಅವರು ಅಂಗೈಯಿಂದ ಮುಖ ಒರೆಸಿಕೊಂಡರು. “ಹೋದವನ ಮೇಲೆ ತಪ್ಪು ಹಾಕಬಾರದು ಅಂತ ಆ ಮಾತು ಬರೆದೆ. ಅವನ ಅಮ್ಮನಿಗೆ ಇದು ತಿಳಿಯೋದು ಬೇಡ.”

ಅವಳು ಗಾಡಿ ಸ್ಟಾರ್ಟ್ ಮಾಡಿದಳು. ಪಾರ್ಕಿಗೆ ಹಾಕಿದೆನೋ ಇಲ್ಲವೋ ಎಂಬ ಪ್ರಶ್ನೆ ಅವಳನ್ನು ಬಿಟ್ಟುಹೋಗಿತ್ತು. ಅದಿದ್ದ ಜಾಗದಲ್ಲಿ ಈಗ ಅವನೇ ಬಂದು ನಿಂತಿದ್ದ: ಕನ್ನಡಿಯೊಳಗೆ, ಕೈ ಆಡಿಸುತ್ತ, ಕಾಲ ಹತ್ತಿರ ಕಲ್ಲಿಲ್ಲದೆ. ಮೂರು ತಿಂಗಳು ದಿನವೂ ಜೊತೆಯಲ್ಲಿ ಉಂಡು, ಜೊತೆಯಲ್ಲಿ ಬಟ್ಟೆ ಹೇರಿ, ಒಂದು ಮಾತು ಹೇಳದವನು. ಅವಳು ಕನ್ನಡಿ ನೋಡಿದಾಗಲೆಲ್ಲ ಅಲ್ಲಿ ಖಾಲಿ ರಸ್ತೆಯಿತ್ತು.

ಸೋಮವಾರದಿಂದ ಗಾಡಿ ಲಾಂಡ್ರಿಗೆ ಹೋಗಲು ಶುರುವಾಯಿತು. ಮಾಲೀಕ ಹೇಳಿದ ತಿಂಗಳಿಗೆ ಇನ್ನೂ ನಾಲ್ಕು ದಿನ ಉಳಿದಿತ್ತು. ಸಂಜೆ ಅವಳು ಹೊರಗಿನ ತಂತಿಯಿಂದ ಬಟ್ಟೆ ತೆಗೆಯುತ್ತಿದ್ದಾಗ ಡ್ಯೂಟಿ ಮುಗಿಸಿ ಬಂದ ಪುಟ್ಟಿ ಚೀಲ ಕೆಳಗಿಟ್ಟು, ದೊಡ್ಡ ಹಾಸಿಗೆ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಎದುರುಬದುರು ನಿಂತು ಬಿಗಿಯಾಗಿ ಎಳೆದು ಕೊಡವಿದರು.

“ಅಮ್ಮ.”

“ಹೂಂ.”

“ಒಂದು ಕೇಳ್ತೀನಿ. ತಾತಂಗೆ ಗೊತ್ತಿತ್ತು ಅಂದ್ರೆ... ಅಪ್ಪಂಗೂ ಗೊತ್ತಿತ್ತಾ?”

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಬೇಳೆ ತೊಳೆಯುತ್ತಿದ್ದರು. ನೀರಿನ ಸದ್ದು ನಿಂತಿತು.

“ಇಲ್ಲ,” ಎಂದಳು ಅವಳು.

“ನಿಜವಾಗ್ಲೂ?”

“ಗೊತ್ತಿದ್ದಿದ್ರೆ ನಂಗೆ ಹೇಳ್ತಿರಲಿಲ್ವಾ ನಿಮ್ಮಪ್ಪ?”

ಪುಟ್ಟಿಯ ಮುಖ ಹಗುರಾಯಿತು. “ಹೌದಲ್ವಾ,” ಎಂದು ಮುಂದೆ ಬಂದು, ತನ್ನ ಕೈಯಲ್ಲಿದ್ದ ಎರಡೂ ಅಂಚುಗಳನ್ನು ತಾಯಿಯ ಕೈಗೆ ಕೊಟ್ಟಳು.